ಸಮುದ್ರದ ಗ್ಯಾಸು, ಸಗಣಿಯ ಗ್ಯಾಸು

ಭೂಮಿಯನ್ನು ಕೊರೆದು ತೆಗೆಯುವ ಗ್ಯಾಸಿಗೂ ನಮಗೂ ಏನು ಸಂಬಂಧವೆಂದು ಸೊಲ್ಲಾಪುರ, ಅಕ್ಕಲಕೋಟ ಕಡೆಯ ರೈತ ಬಾಂಧವರು ಕೇಳಬಹುದು. ಸಂಬಂಧವು ಯೂರಿಯಾ ಚೀಲದಲ್ಲಿದೆ. ಆ ಗ್ಯಾಸಿನ ಮುಖ್ಯ ಅಂಶ ಮಿಥೇನ್. ಅದರಿಂದ ಜಲಜನಕವನ್ನು ಬೇರ್ಪಡಿಸಿ, ಗಾಳಿಯೊಳಗಿನ ಸಾರಜನಕದೊಡನೆ ಕೂಡಿಸಿ ಅಮೋನಿಯಾ ಮಾಡುತ್ತಾರೆ, ಅಮೋನಿಯಾದಿಂದ ಯೂರಿಯಾ. 1974ರಲ್ಲಿ ಮುಂಬಯಿಯ ಪಶ್ಚಿಮಕ್ಕೆ, ಸಮುದ್ರದ ತಳದಲ್ಲಿ ಬಾಂಬೆ ಹೈ ಎಂಬ ಎಣ್ಣೆ-ಗ್ಯಾಸಿನ ನೆಲೆ ದೊರೆಯಿತು. ಆದರೂ ದೇಶಕ್ಕೆ ಬೇಕಾದ ಗ್ಯಾಸಿನಲ್ಲಿ ಸುಮಾರು ಅರ್ಧದಷ್ಟು ಇಂದಿಗೂ ಹಡಗಿನಲ್ಲಿ ಹೊರಗಿನಿಂದ ಬರುತ್ತದೆ.

ಹಾಗಾದರೆ ಇನ್ನೂ ಹೆಚ್ಚು ಕೊರೆಯಬಾರದೇಕೆ? ತಮಿಳುನಾಡಿನ ನೆಡುವಾಸಲ್ ರೈತರು 2017ರಲ್ಲಿ ಇದಕ್ಕೆ ಅಡ್ಡ ನಿಂತರು. ಬಾವಿಯ ನೀರೂ ಹೊಲವೂ ಕೆಡುವವೆಂಬುದು ಅವರ ಅಂಜಿಕೆ. 2020ರಲ್ಲಿ ಆ ರಾಜ್ಯವು ಕಾವೇರಿ ಬಯಲಿನಲ್ಲಿ ಹೊಸದಾಗಿ ಕೊರೆಯುವುದನ್ನು ಕಾಯ್ದೆಯಿಂದ ತಡೆಯಿತು. ಯೂರಿಯಾ ಬೇಡುವ ನಾವು ಕೊರೆಯುವುದೇ ಬೇಡವೆನ್ನಲಾರೆವು. ಬೇಡಿಕೆಯನ್ನು ಕಡಿಮೆ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ.

ಗಾಳಿ ಆಡದಂತೆ ಮುಚ್ಚಿಟ್ಟ ಸಗಣಿಯಲ್ಲಿಯೂ ಅದೇ ಮಿಥೇನ್ ಹುಟ್ಟುತ್ತದೆ. 25 ಕಿಲೋ ಹಸಿ ಸಗಣಿಗೆ ಸುಮಾರು ಒಂದು ಘನಮೀಟರ್ ಗೋಬರ್ ಗ್ಯಾಸು. ನಾಲ್ಕೈದು ದೊಡ್ಡ ದನಗಳಿದ್ದರೆ 2 ಘನಮೀಟರಿನ ಸ್ಥಾವರ ನಡೆಯುತ್ತದೆ. ಐದಾರು ಮಂದಿಗೆ ರೊಟ್ಟಿ ಪಲ್ಲೆ ಆಗುತ್ತದೆ. ಆದರೆ ಒಲೆಗಿಂತ ಹೊಲದ ಲಾಭವನ್ನೇ ನಾವು ಹೆಚ್ಚೆನ್ನುತ್ತೇವೆ. ಕುಳ್ಳು ಸುಟ್ಟರೆ ಸಗಣಿಯ ಸಾರಜನಕ ಹೊಗೆಯೊಡನೆ ಹೋಯಿತು. ಸ್ಥಾವರದಿಂದ ಹೊರಬೀಳುವ ರಾಡಿಯಲ್ಲಿ ಅದು ಉಳಿದಿರುತ್ತದೆ. ಆ ರಾಡಿಯನ್ನು ಬಿಸಿಲಿಗೆ ಹರಡಿ ಒಣಗಿಸಬೇಡಿರಿ, ಅಮೋನಿಯಾ ಹಾರಿಹೋಗುತ್ತದೆ. ಕಸಕಡ್ಡಿಯೊಡನೆ ನೆರಳಿನಲ್ಲಿ ಕೊಳೆಯಿಸಿರಿ, ಇಲ್ಲವೆ ಹಸಿಯಾಗಿಯೇ ಮಣ್ಣಿನಲ್ಲಿ ಬೆರೆಸಿರಿ. ಅನಂತರ ಮಣ್ಣು ಪರೀಕ್ಷೆ ಮಾಡಿಸಿ ಯೂರಿಯಾದ ಪ್ರಮಾಣವನ್ನು ಇಳಿಸಿರಿ.

ಅಡಚಣಿಗಳೂ ಉಂಟು. ಸಗಣಿಯಷ್ಟೇ ನೀರು ಬೇಕು: 50 ಕಿಲೋಗೆ ಮೂರು ನಾಲ್ಕು ಕೊಡ. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ನೋಡುವ ಊರಿಗೆ ಇದು ಸಣ್ಣ ಮಾತಲ್ಲ. ದನಗಳು ಕುಡಿದು ಬಿಟ್ಟ ನೀರನ್ನೂ ಗಂಜಲವನ್ನೂ ಬಳಸಬಹುದು. ಸಾಬೂನು, ಫಿನಾಯಿಲಿನ ನೀರು ಬೇಡ. ಚಳಿಗಾಲದಲ್ಲಿ ಗ್ಯಾಸು ಕಡಿಮೆ ಬರುತ್ತದೆ. ಒಂದೆರಡು ದನದವರು ತಾವೊಬ್ಬರೇ ಕಟ್ಟಿಸುವುದು ವ್ಯರ್ಥ. ನೆರೆಮನೆಯವರೊಡನೆ ಕೂಡಿ ಕಟ್ಟಿಸಿರಿ.

ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಗೋಡೆಯನ್ನು ಸೀಳುತ್ತದೆ. ಆದ್ದರಿಂದ ತಗ್ಗನ್ನು ಅಗಲವಾಗಿ ತೋಡಿ, ಗೋಡೆಯ ಸುತ್ತ ಎರೆಮಣ್ಣಿನ ಬದಲು ಮುರುಮು ತುಂಬಿ ಬಡಿಯಲು ಗೌಂಡಿಗೆ ಮೊದಲೇ ಹೇಳಿರಿ.