ಸ್ವಚ್ಛ ವಾಹಿನಿಯ ಇಂಧನ ಲೆಕ್ಕ: ಚಕ್ರ, ಗೇರ್ ಮತ್ತು ಎಂಜಿನ್

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಖರ್ಚಿನ ಪಟ್ಟಿಯನ್ನು ಓದುವಾಗ ಸ್ವಚ್ಛ ವಾಹಿನಿಯ ಇಂಧನದ ಬಾಬ್ತು ಬಂದೊಡನೆ ಒಂದು ಪ್ರಶ್ನೆ ಏಳುವುದುಂಟು. ವಾಹನ ಮಾರುವಾಗ ಲೀಟರಿಗೆ 20 ಕಿ.ಮೀ. ಎಂದು ಹೇಳಲಾಗಿತ್ತು, ಲಾಗ್ ಪುಸ್ತಕದಲ್ಲಿ 7 ಕಿ.ಮೀ. ಕೂಡ ಕಾಣುವುದಿಲ್ಲ, ಉಳಿದ ಪೆಟ್ರೋಲ್ ಎಲ್ಲಿ ಹೋಯಿತು? ಪ್ರಶ್ನೆ ಸಹಜವಾದುದು, ಸಾರ್ವಜನಿಕ ಹಣದ ಬಗ್ಗೆ ಸದಸ್ಯರು ಕೇಳಲೇಬೇಕು. ಆದರೆ ಉತ್ತರವನ್ನು ಹುಡುಕುವ ಮೊದಲೇ ಅನುಮಾನವು ಚಾಲಕಿಯ ಮೇಲೆ ಬೀಳುತ್ತದೆ. ರಾಜ್ಯದ ಹಲವು ಪಂಚಾಯಿತಿಗಳಲ್ಲಿ ಈ ವಾಹನವನ್ನು ಚಾಲನಾ ತರಬೇತಿ ಪಡೆದ ಸಂಜೀವಿನಿ ಒಕ್ಕೂಟದ ಮಹಿಳೆಯರೇ ನಡೆಸುತ್ತಿದ್ದಾರೆ. ಅವರ ಹೆಸರಿಗೆ ಒಮ್ಮೆ ಅಂಟಿದ ಮಾತು ಸುಲಭವಾಗಿ ಅಳಿಯುವುದಿಲ್ಲ. ಆದ್ದರಿಂದ ಇಂಧನವು ವಾಹನದೊಳಗೆ ಯಾವ ಯಾವ ದಾರಿಯಲ್ಲಿ ಖರ್ಚಾಗುತ್ತದೆ ಎಂಬುದನ್ನು ಸದಸ್ಯರು ತಿಳಿದಿರುವುದು ಅಗತ್ಯ.

ಮೊದಲು ಒಂದು ದಿನದ ಲೆಕ್ಕವನ್ನು ನೋಡಬಹುದು. ಕಸ ತುಂಬಿದ ಸಣ್ಣ ಟಿಪ್ಪರಿನ ಒಟ್ಟು ತೂಕ 1500 ಕೆ.ಜಿ. ಎಂದು ಇಟ್ಟುಕೊಳ್ಳೋಣ. ಅದು 300 ಮನೆಗಳ ಮುಂದೆ ನಿಲ್ಲುತ್ತದೆ. ಪ್ರತಿ ಬಾರಿ ನಿಂತು ಮತ್ತೆ ಗಂಟೆಗೆ 20 ಕಿ.ಮೀ. ವೇಗಕ್ಕೆ ಬರುತ್ತದೆ. ಒಂದು ಬಾರಿ ಆ ವೇಗ ಪಡೆಯಲು ಚಕ್ರಗಳಿಗೆ ಬೇಕಾಗುವ ಶಕ್ತಿ ಸುಮಾರು 23 ಕಿಲೋಜೂಲ್. ಮುಂದಿನ ಮನೆ ಬಂದಾಗ ಬ್ರೇಕ್ ಒತ್ತಿದರೆ ಆ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. 300 ಬಾರಿ ಹೀಗಾದರೆ ಸುಮಾರು 7 ಮೆಗಾಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೂ, ನಿಂತು ಹೊರಡುವ ಓಟದಲ್ಲಿ ಅದರ ಐದನೇ ಒಂದು ಭಾಗ ಚಕ್ರಕ್ಕೆ ತಲುಪಿದರೆ ಹೆಚ್ಚು. ಅಂದರೆ ಕೇವಲ ನಿಂತು ನಿಂತು ಹೊರಡುವುದಕ್ಕೇ 1.1 ಲೀಟರ್ ಬೇಕು.

ಪ್ರತಿ ಮನೆಯ ಮುಂದೆ ಅರ್ಧ ನಿಮಿಷ ಎಂಜಿನ್ ಚಾಲೂ ಇದ್ದರೆ ಒಟ್ಟು ಎರಡೂವರೆ ಗಂಟೆ. 700 ಸಿ.ಸಿ.ಯ ಎಂಜಿನ್ ಸುಮ್ಮನೆ ಉರಿಯುತ್ತ ನಿಂತಾಗ ಗಂಟೆಗೆ ಸುಮಾರು 0.4 ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಂಡರೆ ಇದು 1 ಲೀಟರ್. ಇನ್ನು 24 ಕಿ.ಮೀ. ದಾರಿಯನ್ನು ಲೀಟರಿಗೆ 16 ಕಿ.ಮೀ.ಯಂತೆ ಸಾಗಲು 1.5 ಲೀಟರ್. ಮೂರನ್ನೂ ಕೂಡಿಸಿದರೆ 3.6 ಲೀಟರ್. 24ನ್ನು 3.6ರಿಂದ ಭಾಗಿಸಿದರೆ ಬರುವುದು 6.7. ವಾಹನದಲ್ಲಿ ದೋಷವಿಲ್ಲ, ಚಾಲಕಿ ಒಂದು ಹನಿಯನ್ನೂ ಬೇರೆಡೆಗೆ ಒಯ್ದಿಲ್ಲ. ಆದರೂ ಲಾಗ್ ಪುಸ್ತಕದಲ್ಲಿ 6.7 ಎಂದೇ ಬರುತ್ತದೆ.

ಈ ಲೆಕ್ಕದಲ್ಲಿ ಪಂಚಾಯಿತಿಯು ಕೂಡಲೇ ಬದಲಾಯಿಸಬಹುದಾದ ಅಂಶವೆಂದರೆ ನಿಲುಗಡೆಗಳ ಸಂಖ್ಯೆ. ಮೂರು ಮನೆಗಳಿಗೆ ಒಂದರಂತೆ ನಿಲ್ಲುವ ಸ್ಥಳವನ್ನು ಗೊತ್ತುಮಾಡಿ, ನಿಂತಾಗ ಎಂಜಿನ್ ಆರಿಸಿದರೆ ಉಳಿಯುವ ಇಂಧನವು ಬೇರೆ ಯಾವ ಬಿಡಿಭಾಗದ ಬದಲಾವಣೆಯಿಂದಲೂ ಉಳಿಯದು. ಜಯನಗರದ ಬ್ಲಾಕುಗಳಲ್ಲಿ ಅಡ್ಡರಸ್ತೆಗಳು ನೇರವಾಗಿದ್ದು ಮನೆಗಳು ಒತ್ತಾಗಿವೆ. ಅಲ್ಲಿ ಕೆಲವೇ ಕಿಲೋಮೀಟರುಗಳಲ್ಲಿ ಗಾಡಿ ತುಂಬುತ್ತದೆ. ಕನಕಪುರ ರಸ್ತೆಯ ಕಗ್ಗಲೀಪುರ, ಸೋಮನಹಳ್ಳಿ ಕಡೆಯ ಹಳ್ಳಿಗಳಲ್ಲಿ ಊರಿಗೂ ಊರಿಗೂ ನಡುವೆ ಖಾಲಿ ದಾರಿ ಇದೆ. ಹೀಗಾಗಿ ನಗರದ ಟಿಪ್ಪರಿನ ಕಿ.ಮೀ. ಲೆಕ್ಕವನ್ನು ಹಳ್ಳಿಗೆ, ಹಳ್ಳಿಯದನ್ನು ನಗರಕ್ಕೆ ಅನ್ವಯಿಸುವುದು ಎರಡೂ ತಪ್ಪು. ಒಂದು ಟನ್ ಕಸಕ್ಕೆ ಎಷ್ಟು ಲೀಟರ್ ಎಂಬ ಲೆಕ್ಕವು ಹೆಚ್ಚು ನ್ಯಾಯವಾದುದು.

ಚಕ್ರದ ಗಾತ್ರ

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಗಳನ್ನು ಓದಲು ಕಲಿತರೆ ಅರ್ಧ ವಿಷಯ ತಿಳಿದಂತೆ. 145/80 ಆರ್ 12 ಎಂದರೆ ಅಗಲ 145 ಮಿ.ಮೀ., ಪಕ್ಕದ ಎತ್ತರ ಆ ಅಗಲದ ಶೇ. 80, ರಿಮ್ಮಿನ ವ್ಯಾಸ 12 ಅಂಗುಲ. ಲೆಕ್ಕ ಹಾಕಿದರೆ ಹೊರವ್ಯಾಸ ಸುಮಾರು 537 ಮಿ.ಮೀ., ಸುತ್ತಳತೆ ಸುಮಾರು 1.69 ಮೀಟರ್. ಒಂದು ಕಿ.ಮೀ. ಸಾಗಲು ಅದು ಸುಮಾರು 593 ಸುತ್ತು ಸುತ್ತಬೇಕು. ದೊಡ್ಡ ಪಿಕಪ್ ವಾಹನಗಳಲ್ಲಿರುವ 215/75 ಆರ್ 15 ಟೈರಿಗೆ ಸುಮಾರು 452 ಸುತ್ತು ಸಾಕು.

ಓಡೋಮೀಟರ್ ಎಣಿಸುವುದು ದೂರವನ್ನಲ್ಲ, ಸುತ್ತುಗಳನ್ನು. 145ರ ಬದಲು 155/80 ಆರ್ 12 ಟೈರ್ ಹಾಕಿಸಿದರೆ ವ್ಯಾಸ ಶೇ. 3ರಷ್ಟು ಹೆಚ್ಚುತ್ತದೆ. ಗಾಡಿ ತಿಂಗಳಿಗೆ ನಿಜವಾಗಿ 600 ಕಿ.ಮೀ. ಓಡಿದರೂ ಮೀಟರ್ ಸುಮಾರು 582 ಎಂದು ತೋರಿಸುತ್ತದೆ. ಖರ್ಚಾದ 90 ಲೀಟರಿನಲ್ಲಿ ಹಳೆಯ ದರದಂತೆ 87 ಲೀಟರಿಗೆ ಮಾತ್ರ ಲೆಕ್ಕ ಸಿಗುತ್ತದೆ. ಉಳಿದ ಸುಮಾರು ಮೂರು ಲೀಟರ್ ಕಾಗದದ ಮೇಲೆ ಕಾಣೆಯಾಗುತ್ತದೆ. ಅಳತೆ ಬದಲಾಗದೆ ಟೈರ್ ಮಾತ್ರ ಹೊಸದಾದರೂ ಇದೇ ಕಥೆ. ಪೂರ್ಣ ಸವೆದ ಟೈರಿನ ವ್ಯಾಸ ಹೊಸದಕ್ಕಿಂತ ಶೇ. 2ರಷ್ಟು ಕಡಿಮೆ ಇರುವುದರಿಂದ ಸವೆದ ಟೈರ್ ಹೆಚ್ಚು ಕಿ.ಮೀ. ತೋರಿಸುತ್ತದೆ, ಹೊಸ ಟೈರ್ ಹಾಕಿದ ತಿಂಗಳೇ ಮೈಲೇಜ್ ಬಿದ್ದಂತೆ ಕಾಣುತ್ತದೆ. ಲೆಕ್ಕಪರಿಶೋಧನೆಯ ವೇಳೆಗೆ ಈ ಟೈರ್ ಬದಲಾವಣೆಯ ದಿನಾಂಕ ಯಾರಿಗೂ ನೆನಪಿರುವುದಿಲ್ಲ. ಅದನ್ನು ಲಾಗ್ ಪುಸ್ತಕದಲ್ಲಿಯೇ ಕೆಂಪು ಶಾಯಿಯಲ್ಲಿ ಬರೆದಿಡುವುದು ಒಳ್ಳೆಯದು.

ಪರೀಕ್ಷಿಸುವ ಕ್ರಮವೂ ಸರಳ. ಸಮತಟ್ಟಾದ ಜಾಗದಲ್ಲಿ ಟೈರಿನ ಮೇಲೆ ಚಾಕ್‌ಪೀಸಿನಿಂದ ಗುರುತು ಮಾಡಿ, ಗಾಡಿಯನ್ನು ಹತ್ತು ಸುತ್ತು ಉರುಳಿಸಿ, ನೆಲದ ಮೇಲಿನ ದೂರವನ್ನು ಟೇಪಿನಿಂದ ಅಳೆಯುವುದು. ಕಾಮಗಾರಿ ಅಳೆಯುವ ಟೇಪು ಪ್ರತಿ ಪಂಚಾಯಿತಿಯಲ್ಲಿಯೂ ಇದೆ.

ದೊಡ್ಡ ಚಕ್ರ ಹಾಕಿದರೆ ಇಂಧನ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಗುಂಡಿ ಬಿದ್ದ ಮಣ್ಣುರಸ್ತೆಯಲ್ಲಿ ದೊಡ್ಡ ಚಕ್ರ ಸುಲಭವಾಗಿ ಉರುಳುತ್ತದೆ. ಸಣ್ಣ ಚಕ್ರ ಗುಂಡಿಗೆ ಇಳಿದು ಏರುತ್ತ ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ದೊಡ್ಡ ಚಕ್ರ ಭಾರವಾದುದು, ಮತ್ತು ಅಂಚಿನಲ್ಲಿರುವ ಭಾರವನ್ನು ಮುಂದಕ್ಕೆ ಒಯ್ಯುವುದರ ಜೊತೆಗೆ ತಿರುಗಿಸಲೂ ಬೇಕಾದುದರಿಂದ ವೇಗ ಪಡೆಯುವಾಗ ಅದು ಸುಮಾರು ಎರಡರಷ್ಟು ತೂಕದಂತೆ ವರ್ತಿಸುತ್ತದೆ. ದಿನಕ್ಕೆ 300 ಬಾರಿ ನಿಲ್ಲುವ ಗಾಡಿಗೆ ಇದು ನಷ್ಟ. ತಯಾರಕರು ನಿಗದಿಪಡಿಸಿದ ವಿವರಗಳಿಂದ ವಾಹನವನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದ ನಿರ್ಬಂಧವೂ ಇದೆ. ಗಾಳಿಯ ಒತ್ತಡವನ್ನು ವಾರಕ್ಕೊಮ್ಮೆ ನೋಡುವುದು ಇವೆಲ್ಲಕ್ಕಿಂತ ಅಗ್ಗವಾದ ಕ್ರಮ.

ಗೇರ್

ಎಂಜಿನ್ ವೇಗವಾಗಿ ತಿರುಗುತ್ತದೆ, ಚಕ್ರ ನಿಧಾನವಾಗಿ; ನಡುವಣ ಭಾಗಾಕಾರವೇ ಗೇರ್. ಹಿಂದಿನ ಆಕ್ಸಲಿನ ಅನುಪಾತ 4 ಎಂದೂ, ಮೊದಲನೆಯ ಗೇರಿನ ಅನುಪಾತವೂ 4 ಎಂದೂ ಇಟ್ಟುಕೊಂಡರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ 16 ಸುತ್ತು ಬಂದಿರುತ್ತದೆ. ಟಾಪ್ ಗೇರಿನ ಅನುಪಾತ 1 ಆಗಿದ್ದರೆ ಎಂಜಿನ್ ಕೇವಲ 4 ಸುತ್ತು. ಸಣ್ಣ ಟೈರಿನ ಗಾಡಿ ಗಂಟೆಗೆ 40 ಕಿ.ಮೀ. ವೇಗದಲ್ಲಿರುವಾಗ ಟಾಪ್ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 1580 ಸುತ್ತು. ಅನುಪಾತ ಒಂದೂವರೆಯ ಮೂರನೇ ಗೇರಿನಲ್ಲಿ ಸುಮಾರು 2370. ಅದೇ ರಸ್ತೆ, ಅದೇ ಭಾರ. ಆದರೆ ಹೆಚ್ಚುವರಿ ಸುತ್ತುಗಳ ಘರ್ಷಣೆಗೆ ಇಂಧನ ಉರಿಯುತ್ತದೆ. ಹಾಗೆಂದು ಏರಿನಲ್ಲಿ ಟಾಪ್ ಗೇರಿನಲ್ಲಿಯೇ ಹಟ ಹಿಡಿದು ಎಂಜಿನ್ನನ್ನು ನಡುಗಿಸುವುದೂ ತಪ್ಪು. ಬನ್ನೇರುಘಟ್ಟದ ಕಾಡಂಚಿನ ಏರಿಳಿತದ ಊರುಗಳಲ್ಲಿ ಕೆಳಗಿನ ಗೇರ್ ಬಳಸಿದ ಚಾಲಕಿಯನ್ನು ಆಕ್ಷೇಪಿಸುವಂತಿಲ್ಲ.

ಚಕ್ರವನ್ನು ದೊಡ್ಡದು ಮಾಡುವುದು ಮತ್ತು ಗೇರ್ ಅನುಪಾತವನ್ನು ಕಡಿಮೆ ಮಾಡುವುದು ಪರಿಣಾಮದಲ್ಲಿ ಒಂದೇ: ಎಂಜಿನ್ ನಿಧಾನವಾಗುತ್ತದೆ, ಎಳೆಯುವ ಬಲ ಕುಗ್ಗುತ್ತದೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ 2024ರಲ್ಲಿ ತೆರೆದ ಡಬಲ್ ಡೆಕ್ಕರ್ ಮೇಲ್ಸೇತುವೆಯಂಥ ಸಿಗ್ನಲ್ ಇಲ್ಲದ ದಾರಿಯಲ್ಲಿ ಅದು ಲಾಭ. ಬಿ.ಟಿ.ಎಂ. ಲೇಔಟಿನ ಕೆಳಗಿನ ರಸ್ತೆಯಲ್ಲಿ ಅಥವಾ ಹಳ್ಳಿಯ ಗಲ್ಲಿಯಲ್ಲಿ ಅದೇ ಹೊಂದಾಣಿಕೆ ಕ್ಲಚ್ಚನ್ನು ಸವೆಸುತ್ತದೆ. ಹೊರಡುವಾಗಲೆಲ್ಲ ಅರ್ಧ ಕ್ಲಚ್ ಬೇಕಾಗುತ್ತದೆ.

ಎಂಜಿನ್

2005ರಲ್ಲಿ ಟಾಟಾ ಏಸ್ ಬಂದಾಗ ಅದರಲ್ಲಿದ್ದುದು ಎರಡು ಸಿಲಿಂಡರಿನ 702 ಸಿ.ಸಿ. ಡೀಸೆಲ್ ಎಂಜಿನ್; ಶಕ್ತಿ ಕೇವಲ 16 ಅಶ್ವಶಕ್ತಿ. ಬೊಲೆರೊ ಪಿಕಪ್‌ನದು 2523 ಸಿ.ಸಿ. ಸಭೆಗಳಲ್ಲಿ ದೊಡ್ಡ ಗಾಡಿಯ ಕಡೆಗೆ ಒಲವು ಸಾಮಾನ್ಯ. ಆದರೆ ಒಣಕಸ ತೂಕದಲ್ಲಿ ಹಗುರ, ಗಾತ್ರದಲ್ಲಿ ದೊಡ್ಡದು. ಪೆಟ್ಟಿಗೆ ತುಂಬಿದಾಗಲೂ ಗಾಡಿ ಹೊರಬಲ್ಲ ತೂಕದ ಅರ್ಧವೂ ಆಗಿರದೆ ಇರಬಹುದು. ಹೀಗಿರುವಾಗ ಬೇಕಾದುದು ಎತ್ತರದ ಪೆಟ್ಟಿಗೆಯೇ ಹೊರತು ದೊಡ್ಡ ಎಂಜಿನ್ ಅಲ್ಲ. ದೊಡ್ಡ ಎಂಜಿನ್ ಮನೆ ಮುಂದೆ ನಿಂತಾಗಲೂ ಹೆಚ್ಚು ಕುಡಿಯುತ್ತದೆ.

ಡೀಸೆಲಿನಲ್ಲಿ ಪ್ರತಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಹತ್ತನೇ ಒಂದು ಭಾಗ ಹೆಚ್ಚು ಶಕ್ತಿ ಇದೆ, ಎಂಜಿನ್ನಿನ ದಕ್ಷತೆಯೂ ಹೆಚ್ಚು. ಆದ್ದರಿಂದ ನಿತ್ಯ ದೂರ ಓಡುವ ಗಾಡಿಗೆ ಡೀಸೆಲ್ ಹಿತ. ಆದರೆ 2020ರ ಏಪ್ರಿಲ್ 1ರಿಂದ ಜಾರಿಯಾದ ಬಿ.ಎಸ್.-6 ಮಾನದಂಡದ ನಂತರ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಶೋಧಕ ಬಂದಿದೆ. ಶೋಧಕ ಶುಚಿಯಾಗಲು ಎಂಜಿನ್ ಸಾಕಷ್ಟು ಹೊತ್ತು ಬಿಸಿಯಾಗಿ ಓಡಬೇಕು. ಮನೆ ಮನೆ ನಿಲ್ಲುವ ಗಾಡಿಗೆ ಆ ಅವಕಾಶ ಸಿಗದೆ ಶೋಧಕ ಕಟ್ಟಿಕೊಳ್ಳುತ್ತದೆ, ದುರಸ್ತಿಯ ಬಿಲ್ಲು ಬರುತ್ತದೆ. ಡೀಸೆಲ್ ಗಾಡಿ ಈಗಾಗಲೇ ಇದ್ದಲ್ಲಿ ವಾರಕ್ಕೊಮ್ಮೆ ಬನಶಂಕರಿ ಕಡೆಗೋ ಜೆ.ಪಿ. ನಗರದ ಕಡೆಗೋ ಒಣಕಸ ಸಾಗಿಸುವ ಉದ್ದದ ಓಟವನ್ನು ಅದಕ್ಕೇ ವಹಿಸುವುದು ಲೇಸು.

ನಿಂತು ಹೊರಡುವ ಕೆಲಸಕ್ಕೆ ಸ್ವಭಾವತಃ ಹೊಂದುವುದು ವಿದ್ಯುತ್ ಮೋಟಾರು. ನಿಂತಾಗ ಅದರ ಖರ್ಚು ಬಹಳ ಕಡಿಮೆ. ವೇಗ ತಗ್ಗಿಸುವಾಗ ಶಕ್ತಿಯ ಒಂದು ಭಾಗ ಬ್ಯಾಟರಿಗೆ ಮರಳುತ್ತದೆ. ಶೂನ್ಯ ವೇಗದಲ್ಲಿಯೇ ಪೂರ್ಣ ಎಳೆತ ಸಿಗುವುದರಿಂದ ಗೇರ್ ಬದಲಿಸುವ ಪ್ರಮೇಯವಿಲ್ಲ. 2022ರಲ್ಲಿ ಬಂದ ಟಾಟಾ ಏಸ್ ವಿದ್ಯುತ್ ಮಾದರಿಗೆ 21.3 ಕಿಲೋವ್ಯಾಟ್-ಗಂಟೆಯ ಬ್ಯಾಟರಿ ಇದ್ದು, ಪ್ರಮಾಣಿತ ಪರೀಕ್ಷೆಯಲ್ಲಿ ಒಮ್ಮೆ ಚಾರ್ಜ್ ಮಾಡಿದರೆ 154 ಕಿ.ಮೀ. ಎಂದು ಘೋಷಿಸಲಾಗಿದೆ. ಅದರ ಅರ್ಧ ಸಿಕ್ಕಿದರೂ ಮೇಲಿನ 24 ಕಿ.ಮೀ. ದಿನಚರಿಗೆ ಸಾಕು. ಖರೀದಿ ಬೆಲೆ ಹೆಚ್ಚು ಎಂಬುದೂ, ರಾತ್ರಿ ವಿದ್ಯುತ್ ಕೈಕೊಟ್ಟರೆ ಬೆಳಗ್ಗೆ ಕಸ ಎತ್ತುವವರಿಲ್ಲ ಎಂಬುದೂ ಸಭೆಯಲ್ಲಿ ಚರ್ಚೆಯಾಗಬೇಕು.

ಹೊಸ ವಾಹನದ ಪ್ರಸ್ತಾವ ಸಿದ್ಧಪಡಿಸುವಾಗ ದಿನದ ನಿಲುಗಡೆಗಳ ಸಂಖ್ಯೆ, ಊರುಗಳ ನಡುವಿನ ದೂರ, ಏರಿನ ರಸ್ತೆ, ಕಸದ ತೂಕ ಮತ್ತು ಗಾತ್ರ ಇವಿಷ್ಟನ್ನು ಒಂದು ವಾರ ಬರೆದಿಟ್ಟು ಕಡತದಲ್ಲಿ ಸೇರಿಸಬೇಕು. ಈಗಿರುವ ವಾಹನಕ್ಕೆ, ಅದರದೇ ಮಾರ್ಗದಲ್ಲಿ, ಟ್ಯಾಂಕ್ ತುಂಬಿಸಿ ಹೊರಟು ಆರು ದಿನಗಳ ನಂತರ ಮತ್ತೆ ಅದೇ ಪಂಪಿನಲ್ಲಿ ತುಂಬಿಸಿ, ಒಬ್ಬ ಸದಸ್ಯರ ಸಮಕ್ಷಮದಲ್ಲಿ ಪ್ರಮಾಣವನ್ನು ಗೊತ್ತುಮಾಡಬಹುದು. ಆ ಆರು ದಿನಗಳಲ್ಲಿ ಒಂದು ದಿನವಾದರೂ ಸದಸ್ಯರು ಚಾಲಕಿಯ ಪಕ್ಕದ ಆಸನದಲ್ಲಿ ಕುಳಿತು ನಿಲುಗಡೆಗಳನ್ನು ಎಣಿಸುವುದು ಅಪೇಕ್ಷಣೀಯ.