ಬೋಲ್ಟ್ ಮುರಿದ ಕೂಡಲೇ ಈಝಿ ಔಟ್ ಹಿಡಿಯಬೇಡಿ

ಹಲಗೇರಿ ಸುತ್ತಮುತ್ತ ಕೃಷಿ ಹೊಂಡ ಇರೋ ಹೊಲಗಳಲ್ಲಿ ಸಣ್ಣ ಪೆಟ್ರೋಲ್ ಪಂಪ್‌ಸೆಟ್ ನೋಡಿರ್ತೀರಿ. ಒಬ್ಬನೇ ಎತ್ತಿ ಬೈಕಿನ ಹಿಂದೆ ಕಟ್ಟಿಕೊಂಡು ಹೋಗುವಷ್ಟು ಹಗುರ, ಯಾಕಂದ್ರೆ ಇಂಜಿನ್ ಮತ್ತು ಪಂಪಿನ ಬಾಡಿ ಎರಡೂ ಅಲ್ಯೂಮಿನಿಯಂ. ಬೋಲ್ಟ್‌ಗಳು ಮಾತ್ರ ಸ್ಟೀಲ್. ಮಲ್ಪೆ, ಕಾರವಾರದ ನಾಡದೋಣಿಗಳ ಹಿಂಭಾಗಕ್ಕೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟಾರು ಇದಕ್ಕೆ ಹತ್ತಿರದ ಸಂಬಂಧಿ ಅನ್ನಬಹುದು. ಅದೂ ಅಲ್ಯೂಮಿನಿಯಂ ಬಾಡಿ, ಅದೂ ಸ್ಟೀಲ್ ಬೋಲ್ಟ್, ಅದೂ ದಿನಾ ನೀರಿನ ಜೊತೆ ಕೆಲಸ. ಅದಕ್ಕೇ ಎರಡಕ್ಕೂ ಇರೋ ರೋಗ ಒಂದೇ: ಬಿಚ್ಚೋಕೆ ಹೋದಾಗ ಬೋಲ್ಟಿನ ತಲೆ ಪಟಕ್ಕನೆ ಮುರಿದು ಕೈಗೆ ಬರ್ತದೆ, ಉಳಿದ ತುಂಡು ಒಳಗೇ ಕೂತಿರ್ತದೆ.

ಮೆಣಸಿನ ಸಸಿ ಹಚ್ಚಿ ಮಳೆ ಕೈಕೊಟ್ಟ ವಾರದಲ್ಲಿ ಹೀಗಾದರೆ ಅದು ಬರೀ ರಿಪೇರಿ ಮಾತಲ್ಲ. ಹೊಂಡದಲ್ಲಿ ನೀರಿದೆ, ಸಸಿ ಬಾಡ್ತಾ ಇದೆ, ನಡುವೆ 8 ಮಿಲಿಮೀಟರ್ ದಪ್ಪದ ಒಂದು ಸ್ಟೀಲ್ ತುಂಡು. ಆ ಅವಸರದಲ್ಲೇ ಬಾಡಿ ಹಾಳು ಮಾಡಿಕೊಳ್ಳೋದು ಜಾಸ್ತಿ. ಬೋಲ್ಟಿನ ಬೆಲೆ ಕೆಲವೇ ರೂಪಾಯಿ, ಬಾಡಿಯದ್ದು ಹಾಗಲ್ಲ.

ನಮ್ಮೂರ ಕಡೆ ಪಂಪ್ ರಿಪೇರಿ ಮಾಡುವ ಒಬ್ಬ ಅಣ್ಣ ಹೇಳೋ ಮಾತು ಇದು: "ತಮ್ಮಾ, ಹೆಂಗ ತಗೀಬೇಕು ಅನ್ನೋದು ಆಮ್ಯಾಲೆ. ಯಾಕ ಮುರೀತು ಅಂತ ಮೊದಲ ನೋಡು." ಮೆಟೀರಿಯಲ್ ಸೈನ್ಸ್ ಕ್ಲಾಸಲ್ಲಿ ನಾವು ಓದುವುದೂ ಇದನ್ನೇ, ಸ್ವಲ್ಪ ಉದ್ದವಾಗಿ.

ಬೋಲ್ಟ್ ಮುರಿಯಲು ಮುಖ್ಯವಾಗಿ ಎರಡು ದಾರಿ ಇವೆ. ಒಂದು, ಬಿಗಿ ಮಾಡುವಾಗ ಪಾನಾಕ್ಕೆ ಪೈಪ್ ಹಾಕಿ ಜಗ್ಗಿ ಮುರಿದದ್ದು, ಇಲ್ಲಾ ಇಂಜಿನ್ನಿನ ನಡುಕಕ್ಕೆ ದಣಿದು ಮುರಿದದ್ದು. ದಣಿದು ಮುರಿದ ಮುಖದಲ್ಲಿ ಒಂದು ಭಾಗ ನುಣುಪಾಗಿ, ಕೆಲವೊಮ್ಮೆ ಅಲೆಯ ಗೆರೆಗಳಂತೆ ಇದ್ದು, ಕೊನೆಗೆ ಹರಿದ ಭಾಗ ಒರಟಾಗಿರುತ್ತದೆ. ಈ ಎರಡರಲ್ಲೂ ಥ್ರೆಡ್‌ಗೆ ಏನೂ ಆಗಿರೋದಿಲ್ಲ. ತಲೆ ಹೋದ ಮೇಲೆ ಬೋಲ್ಟಿನ ಎಳೆತವೂ ಹೋಗಿರುತ್ತದೆ. ಆದ್ದರಿಂದ ಒಳಗಿನ ತುಂಡು ಸಡಿಲವಾಗಿಯೇ ಇರ್ತದೆ. ಚೂಪಾದ ಉಳಿಯ ತುದಿಯನ್ನು ಅಂಚಿಗೆ ಇಟ್ಟು ಎಡಕ್ಕೆ ಮೆಲ್ಲಗೆ ತಟ್ಟಿದರೆ ಎಷ್ಟೋ ಸಲ ತಿರುಗಿ ಹೊರಗೆ ಬರುತ್ತದೆ.

ಎರಡನೇ ದಾರಿ, ಬಿಚ್ಚುವಾಗ ಮುರಿದದ್ದು. ಇದೇ ಕಷ್ಟದ್ದು. ಬೋಲ್ಟ್ ಅಲ್ಲಿ ಜಾಮ್ ಆಗಿ ಕೂತಿತ್ತು, ಅದಕ್ಕೇ ಮುರಿಯಿತು. ತಲೆ ಹೋದರೂ ಆ ಹಿಡಿತ ಹಾಗೇ ಇದೆ.

ಇಲ್ಲೇ ಎಲ್ಲರೂ ಈಝಿ ಔಟ್ ತರುತ್ತಾರೆ. ತುಂಡಿನ ನಡುವೆ ತೂತು ಕೊರೆದು, ಎಡಕ್ಕೆ ತಿರುಗುವ ಥ್ರೆಡ್ ಇರೋ ಒಂದು ಮೊಳೆಯಂಥ ಟೂಲ್ ಸೇರಿಸಿ ತಿರುಗಿಸೋದು. ಹೆಸರೇನೋ ಚೆನ್ನಾಗಿದೆ. ಆದರೆ ಒಂದು ಲೆಕ್ಕ ಮಾಡಿ ನೋಡೋಣ. ದುಂಡನೆಯ ಸರಳು ತಿರುಚುವ ಬಲವನ್ನು ಎಷ್ಟು ತಡೆಯುತ್ತದೆ ಅನ್ನೋದು ಅದರ ವ್ಯಾಸದ ಘನಕ್ಕೆ ಅನುಪಾತದಲ್ಲಿರುತ್ತದೆ. ಎಂ8 ಬೋಲ್ಟಿನ ಥ್ರೆಡ್ ಬಿಟ್ಟು ಒಳಗಿನ ವ್ಯಾಸ ಸುಮಾರು 6.5 ಮಿಮೀ. ಅದರೊಳಗೆ ಹಿಡಿಸುವ ಈಝಿ ಔಟ್ 4 ಮಿಮೀ ಅಂತಿಟ್ಟುಕೊಳ್ಳಿ. 4ನ್ನು 6.5ರಿಂದ ಭಾಗಿಸಿ ಘನ ತೆಗೆದರೆ 0.23 ಬರುತ್ತದೆ. ಅಂದ್ರೆ ಬೋಲ್ಟಿನ ಕಾಲು ಭಾಗದಷ್ಟೂ ತಾಕತ್ತಿಲ್ಲ. ಈಝಿ ಔಟ್ ಸ್ಟೀಲು ಎರಡು ಪಟ್ಟು ಗಟ್ಟಿ ಅಂತ ಹಿಡಿದರೂ ಅರ್ಧಕ್ಕೆ ನಿಲ್ಲುತ್ತದೆ. ಇಡೀ ಬೋಲ್ಟೇ ಸೋತ ಜಾಗದಲ್ಲಿ ಅದರರ್ಧ ಬಲದ ಟೂಲ್ ಗೆಲ್ಲಬೇಕು ಅಂತ ನಾವು ಕೇಳ್ತಾ ಇದ್ದೀವಿ. ಸಾಲದ್ದಕ್ಕೆ ಅದು ಬೆಣೆಯ ಆಕಾರದ್ದು, ಒಳಗೆ ಹೋದಷ್ಟೂ ತುಂಡನ್ನು ಹಿಗ್ಗಿಸಿ ಇನ್ನೂ ಬಿಗಿ ಮಾಡುತ್ತದೆ.

ಅದು ಒಳಗೇ ಮುರಿದರೆ ಕಥೆ ಮುಗಿದಂತೆ. ಹದ ಮಾಡಿದ ಗಟ್ಟಿ ಸ್ಟೀಲ್, ಸಾಮಾನ್ಯ ಎಚ್‌ಎಸ್‌ಎಸ್ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ. ಕಾರ್ಬೈಡ್ ಬಿಟ್ ಬೇಕು, ಇಲ್ಲಾ ಸ್ಪಾರ್ಕ್‌ನಿಂದ ಲೋಹ ತಿನ್ನಿಸುವ ಇಡಿಎಂ ಮಷೀನ್ ಬೇಕು. ಊರಿನ ಲೇತ್ ಅಂಗಡಿಯಲ್ಲಿ ಅದು ಎಲ್ಲಿಂದ ಬರಬೇಕು? ಹಾಗಾಗಿ ಸಡಿಲ ಇರೋ ತುಂಡಿಗೆ ಈಝಿ ಔಟ್ ಸರಿ, ಜಾಮ್ ಆದ ತುಂಡಿಗೆ ಅಲ್ಲ ಅನ್ನೋದು ನನ್ನ ಅಭಿಪ್ರಾಯ.

ಹಾಗಾದ್ರೆ ಜಾಮ್ ಆದದ್ದಕ್ಕೆ ಏನು? ಮೊದಲು ಆ ಹಿಡಿತ ಬಿಡಿಸಬೇಕು. ಪೆನೆಟ್ರೇಟಿಂಗ್ ಆಯಿಲ್ ಹಾಕಿ ಒಂದು ರಾತ್ರಿ ಬಿಡಿ, ನಡುನಡುವೆ ತುಂಡಿನ ತಲೆಗೆ ಸಣ್ಣ ಸುತ್ತಿಗೆಯಿಂದ ನೇರವಾಗಿ ತಟ್ಟಿ. ಆಮೇಲೆ ಬಿಸಿ. ಇಲ್ಲಿ ಅಲ್ಯೂಮಿನಿಯಂ ನಮ್ಮ ಪರ ಇದೆ. ಬಿಸಿಯಾದಾಗ ಅದು ಸ್ಟೀಲಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ (ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಭಾಗ, ಸ್ಟೀಲ್ 12 ಭಾಗ). ಎರಡನ್ನೂ 150 ಡಿಗ್ರಿ ಬಿಸಿ ಮಾಡಿದರೂ 8 ಮಿಮೀ ತೂತು 0.028 ಮಿಮೀ ಅಗಲವಾಗುತ್ತದೆ, ಬೋಲ್ಟ್ 0.014 ಮಾತ್ರ ದಪ್ಪವಾಗುತ್ತದೆ. ಉಳಿದ ಜಾಗ ಕಣ್ಣಿಗೆ ಕಾಣೋದಿಲ್ಲ. ಆದರೆ ಅಂಟು ಬಿಡಿಸೋಕೆ, ಮೇಣದಬತ್ತಿ ಮುಟ್ಟಿಸಿದರೆ ಕರಗಿದ ಮೇಣ ಒಳಗೆ ಇಳಿಯೋಕೆ ಅಷ್ಟು ಸಾಕು. ಟ್ರ್ಯಾಕ್ಟರ್ ಇಂಜಿನ್ನಿನಂಥ ಬೀಡಿನ ಬ್ಲಾಕಿನಲ್ಲಿ ಈ ಲಾಭ ಸಿಗೋದಿಲ್ಲ, ಬೀಡು ಮತ್ತು ಸ್ಟೀಲ್ ಹೆಚ್ಚುಕಡಿಮೆ ಒಂದೇ ಸಮ ಹಿಗ್ಗುತ್ತವೆ.

ಬಿಸಿ ಮಾಡುವಾಗ ಒಂದು ಎಚ್ಚರ. ಸ್ಟೀಲಿನ ಹಾಗೆ ಅಲ್ಯೂಮಿನಿಯಂ ಕೆಂಪಾಗಿ ಮುನ್ಸೂಚನೆ ಕೊಡೋದಿಲ್ಲ, ಇದ್ದಕ್ಕಿದ್ದಂತೆ ಕುಸಿಯುತ್ತದೆ. ಗ್ಯಾಸ್ ಕಟರ್ ಹಿಡಿದು ಒಂದೇ ಕಡೆ ನಿಲ್ಲಬಾರದು. ಒಂದು ಹನಿ ನೀರು ಚುರ್ ಅಂದು ಹಾರಿದರೆ ಆಗಾಗ ನಿಲ್ಲಿಸಿ ನೋಡಿ. ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡಿ, ಹಾಕಿದ ಆಯಿಲ್ ಒರೆಸಿ, ಹತ್ತಿರ ಇರೋ ರಬ್ಬರ್ ಸೀಲ್ ತೆಗೆಯಿರಿ. ಕನ್ನಡಕ ಹಾಕಿಕೊಳ್ಳಿ ಅಂತ ಬೇರೆ ಹೇಳಬೇಕಾ?

ತುಂಡು ಸ್ವಲ್ಪ ಹೊರಗೆ ಕಾಣ್ತಿದ್ದರೆ ಗ್ರಿಪ್ ಪ್ಲೈಯರ್ ಸಾಕು. ಮೇಲ್ಮೈಗೆ ಸಮನಾಗಿ ಮುರಿದಿದ್ದರೆ ಅದರ ಮೇಲೆ ಒಂದು ನಟ್ ಇಟ್ಟು, ನಟ್ಟಿನ ತೂತಿನೊಳಗಿಂದ ವೆಲ್ಡ್ ಮಾಡಿಸೋದು ನನಗೆ ಎಲ್ಲಕ್ಕಿಂತ ಇಷ್ಟವಾದ ವಿಧಾನ. ಸ್ಟೀಲ್ ವೆಲ್ಡ್ ಅಲ್ಯೂಮಿನಿಯಂಗೆ ಅಂಟೋದಿಲ್ಲ, ತುಂಡಿಗೆ ಮಾತ್ರ ಅಂಟುತ್ತದೆ. ಬಿಸಿಯೂ ಸರಿಯಾಗಿ ಬೇಕಾದ ಜಾಗಕ್ಕೇ ಹೋಗುತ್ತದೆ. ಪಾನಾ ಹಾಕಿ ಒಂದೇ ಸಲ ಜಗ್ಗಬೇಡಿ. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ, ಹೀಗೆ ಆಡಿಸುತ್ತಾ ಬನ್ನಿ. ಮೊದಲ ನಟ್ ಕಿತ್ತು ಬಂದರೆ ಇನ್ನೊಂದು ಇಡಿಸಿ.

ಇಷ್ಟಕ್ಕೂ ಬಗ್ಗದಿದ್ದರೆ ಕೊರೆಯೋದೇ ದಾರಿ. ಮುರಿದ ಮುಖವನ್ನು ಅರದಿಂದ ಸಮ ಮಾಡಿ, ಸರಿಯಾಗಿ ನಡುವೆ ಸೆಂಟರ್ ಪಂಚ್ ಹೊಡೆಯಬೇಕು. ಒಂದು ಮಿಲಿಮೀಟರ್ ಆಚೀಚೆ ಆದರೂ ಡ್ರಿಲ್ ಬಿಟ್ ಗಟ್ಟಿ ಸ್ಟೀಲ್ ಬಿಟ್ಟು ಮೆತ್ತನೆಯ ಅಲ್ಯೂಮಿನಿಯಂ ಕಡೆ ಓಡುತ್ತದೆ. 3 ಮಿಮೀನಿಂದ ಶುರು ಮಾಡಿ, 5, ಆಮೇಲೆ 6.5. ಈಗ ಉಳಿಯೋದು ಬರೀ ಥ್ರೆಡ್ಡಿನ ಸುರುಳಿ, ಅದನ್ನು ಕೊಕ್ಕೆಯಿಂದ ಎಬ್ಬಿಸಿ ಎಳೆಯಬಹುದು. ಕೊನೆಗೆ ಎಂ8 ಟ್ಯಾಪ್ ಹಾಕಿ ಥ್ರೆಡ್ ಸ್ವಚ್ಛ ಮಾಡಿ. ಎಂ8 ಟ್ಯಾಪಿಗೆ ತೂತು 6.8 ಮಿಮೀ ಇರಬೇಕು, ಅದಕ್ಕೇ 6.5ಕ್ಕೆ ನಿಲ್ಲಿಸಿದ್ದು. ಥ್ರೆಡ್ ಕೆಟ್ಟರೂ ಬಾಡಿ ಎಸೆಯಬೇಕಿಲ್ಲ. ತೂತು ದೊಡ್ಡದು ಮಾಡಿ ಸ್ಟೇನ್‌ಲೆಸ್ ತಂತಿಯ ಸುರುಳಿ ಕೂರಿಸುತ್ತಾರೆ, ಹೆಲಿಕಾಯಿಲ್ ಅಂತ. ಮೊದಲಿನ ಥ್ರೆಡ್ಡಿಗಿಂತ ಅದೇ ಗಟ್ಟಿ.

ಇನ್ನು ಇದು ಜಾಮ್ ಆಗೋದಾದರೂ ಯಾಕೆ? ಎರಡು ಬೇರೆ ಲೋಹ, ನಡುವೆ ಉಪ್ಪುನೀರು ಸೇರಿದರೆ ಅದೊಂದು ಸಣ್ಣ ಬ್ಯಾಟರಿ. ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಲೋಹಕ್ಕಿಂತ ಹೆಚ್ಚು ಜಾಗ ಬೇಕು, ಅದು ಥ್ರೆಡ್ಡಿನ ಸಂದಿಯಲ್ಲಿ ಗಾರೆ ತುಂಬಿದ ಹಾಗೆ ಕೂರುತ್ತದೆ. ಕರಾವಳಿಯಲ್ಲಿ ಸರಿ, ಹಲಗೇರಿಯಲ್ಲಿ ಸಮುದ್ರ ಎಲ್ಲಿದೆ ಅಂತ ಕೇಳಬಹುದು. ಪೊಟ್ಯಾಷ್ ಗೊಬ್ಬರದ ಚೀಲ ನೋಡಿ. ನಾವು ಹೆಚ್ಚಾಗಿ ಬಳಸೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನಲ್ಲಿರೋ ಕ್ಲೋರೈಡೇ ಇದರಲ್ಲೂ ಇದೆ. ಗೊಬ್ಬರ ಕರಗಿಸಿದ ನೀರನ್ನು ಅದೇ ಪಂಪಿನಲ್ಲಿ ಬಿಟ್ಟು, ತೊಳೆಯದೆ ಮೂಲೆಗೆ ಇಟ್ಟರೆ, ಪಂಪಿನ ಪಾಲಿಗೆ ಅದೇ ಅರಬ್ಬೀ ಸಮುದ್ರ.

ಔಟ್‌ಬೋರ್ಡ್ ಮೋಟಾರನ್ನು ಉಪ್ಪುನೀರಿನಿಂದ ತೆಗೆದ ಮೇಲೆ ಸಿಹಿನೀರು ಹಾಯಿಸಿ ತೊಳೆಯಬೇಕು ಅಂತಾರೆ. ಗೊಬ್ಬರ ಬಿಟ್ಟ ದಿನ ನಮ್ಮ ಪಂಪಿಗೂ ಐದು ನಿಮಿಷ ಬರೀ ನೀರು ಹಾಯಿಸಿ. ಹೊಸ ಬೋಲ್ಟ್ ಹಾಕುವಾಗ ಥ್ರೆಡ್ಡಿಗೆ ಆ್ಯಂಟಿ ಸೀಜ್ ಗ್ರೀಸ್ ಹಚ್ಚಿ. ಹಚ್ಚಿದ ಮೇಲೆ ಮೊದಲಿನಷ್ಟೇ ಬಲ ಹಾಕಿ ಬಿಗಿ ಮಾಡಬೇಡಿ: ತಿಕ್ಕಾಟ ಕಡಿಮೆಯಾಗಿರುತ್ತದೆ, ಅಷ್ಟೇ ಬಲಕ್ಕೆ ಬೋಲ್ಟ್ ಜಾಸ್ತಿ ಎಳೆಯಲ್ಪಟ್ಟು ಈ ಸಲ ಬಿಗಿ ಮಾಡುವಾಗಲೇ ಮುರಿದೀತು.