ತಂಗಡಿಯ ಸೀಮೆಯಲ್ಲಿ ತೊಗಲಿನ ಕೆಲಸ: ಮೊದಲ ಕಾರ್ಡ್ ಚೀಲ ಹೊಲಿಯುವ ಬಗೆ

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲೂಕಿನ ಕುಡುಮಲಕುಂಟೆ ಇಂದು ಕೈಗಾರಿಕಾ ಪ್ರದೇಶವಾಗಿ ಹೆಸರಾಗಿದ್ದರೂ, ಅದರ ಸುತ್ತಲಿನ ಬಯಲುಸೀಮೆಯ ಬೇಸಾಯವು ಪಂಪ್‌ಸೆಟ್ಟುಗಳು ಬರುವ ಮೊದಲು ತೊಗಲನ್ನೇ ನೆಚ್ಚಿತ್ತು. ಕಪಿಲೆ ಬಾವಿಯಿಂದ ನೀರೆತ್ತುವ ಚೀಲ, ನೊಗಕ್ಕೆ ಬಿಗಿಯುವ ಮಿಣಿ, ಎತ್ತಿನ ಕೊರಳಪಟ್ಟಿ, ಕಾಲಿನ ಮೆಟ್ಟು ಎಲ್ಲವೂ ಊರಿನ ಕುಶಲಕರ್ಮಿಗಳ ಕೈಯಿಂದಲೇ ಬರುತ್ತಿದ್ದವು. ಈ ಸೀಮೆಯ ಕುರುಚಲು ಭೂಮಿಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆಯು ದಕ್ಷಿಣ ಭಾರತದ ಚರ್ಮ ಹದಗಾರರ ಮುಖ್ಯ ಸಾಮಗ್ರಿಗಳಲ್ಲಿ ಒಂದಾಗಿತ್ತು. ಅಂಥ ನೆಲದಲ್ಲಿ ತೊಗಲಿನ ಕೆಲಸವನ್ನು ಹವ್ಯಾಸವಾಗಿ ಕಲಿಯಲು ಒಂದು ಗಟ್ಟಿಯಾದ ಮೇಜು, ಕೆಲವೇ ಉಪಕರಣಗಳು ಮತ್ತು ತಾಳ್ಮೆ ಇದ್ದರೆ ಸಾಕು.

ಮೊದಲ ಹೆಜ್ಜೆ ತೊಗಲಿನ ಆಯ್ಕೆ. ಹಸಿ ಚರ್ಮ ಕೊಳೆಯದಂತೆ, ಒಣಗಿದರೂ ಮೆತ್ತಗೇ ಉಳಿಯುವಂತೆ ಮಾಡುವ ಕ್ರಿಯೆಗೆ ಹದ ಮಾಡುವುದು ಎನ್ನುತ್ತಾರೆ. ತಂಗಡಿ, ಜಾಲಿ ಮುಂತಾದವುಗಳ ತೊಗಟೆಯಲ್ಲಿರುವ ಟ್ಯಾನಿನ್ ಎಂಬ ಒಗರು ದ್ರವ್ಯವು ಚರ್ಮದ ನಾರುಗಳೊಂದಿಗೆ ಬೆಸೆದುಕೊಂಡು ಈ ಕೆಲಸ ಮಾಡುತ್ತದೆ. ತಂಗಡಿಯಿಂದ ಹದಗೊಂಡ ತೊಗಲು ಬಿಸಿಲಿಗೆ ಕೆಂಪೇರುವುದರಿಂದ, ಅದನ್ನು ತಡೆಯಲು ಕೊನೆಯಲ್ಲಿ ಅಳಲೆಕಾಯಿಯ ನೀರಿನಲ್ಲಿ ಅದ್ದುವ ಪದ್ಧತಿ ಬೆಳೆದುಬಂದಿತು. 19ನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ಬಂದ ಕ್ರೋಮ್ ಹದವು ಶೀಘ್ರವಾದುದು, ಅದರಿಂದ ಬರುವ ತೊಗಲು ಮೃದುವಾದುದು. ಆದರೆ ಅದರ ಅಂಚನ್ನು ಉಜ್ಜಿ ಹೊಳಪಿಸುವುದು ಕಷ್ಟವಾದ್ದರಿಂದ ಕಲಿಯುವವರು ತೊಗಟೆ ಹದದ ತೊಗಲನ್ನೇ ಆರಿಸುವುದು ಲೇಸು. ಬಣ್ಣ ಹಾಕದ ತುಂಡಿನ ಮೇಲೆ ಒಂದು ಹನಿ ನೀರು ಬಿಟ್ಟಾಗ ಅದು ಇಂಗಿ ಆ ಜಾಗ ಕಪ್ಪಾದರೆ ಅದು ತೊಗಟೆ ಹದದ್ದಿರುವ ಸಂಭವ ಹೆಚ್ಚು. ಕತ್ತರಿಸಿದ ಅಂಚಿನ ನಡುವೆ ನೀಲಿ ಮಿಶ್ರಿತ ಬೂದುಬಣ್ಣ ಕಂಡರೆ ಅದು ಸಾಮಾನ್ಯವಾಗಿ ಕ್ರೋಮ್ ಹದದ್ದು. ಗೌರಿಬಿದನೂರಿನಿಂದ ಹಿಂದೂಪುರದ ಮೂಲಕ ಹೋಗುವ ರೈಲು ಮಾರ್ಗದಲ್ಲಿ ಸಿಗುವ ಧರ್ಮವರಂ ಬಳಿಯ ನಿಮ್ಮಲಕುಂಟದ ತೊಗಲುಗೊಂಬೆಗಳಿಗೆ ಬಳಸುವ ಪಾರದರ್ಶಕ ಚರ್ಮವು ಇವೆರಡಕ್ಕೂ ಸೇರುವುದಿಲ್ಲ; ಅದು ಕೂದಲು ತೆಗೆದು ಬಿಗಿದು ಒಣಗಿಸಿದ ಹದವಿಲ್ಲದ ಚರ್ಮವಾದ್ದರಿಂದ ಚೀಲಕ್ಕೆ ಒಗ್ಗದು. ತೊಗಲನ್ನು ಚದರ ಅಡಿಯ ಲೆಕ್ಕದಲ್ಲಿ ಮಾರುತ್ತಾರೆ, ಚೆನ್ನೈನ ಪೆರಿಯಮೇಡು ಇದಕ್ಕೆ ಹೆಸರಾದ ಪೇಟೆ. ಕಾರ್ಡ್ ಚೀಲಕ್ಕೆ 1.2ರಿಂದ 1.5 ಮಿ.ಮೀ. ದಪ್ಪದ ತುಂಡು ಸಾಕು.

ಉಪಕರಣಗಳಲ್ಲಿ ಕತ್ತರಿಸಲು ಹರಿತವಾದ ಕತ್ತಿ, ಅಂದರೆ ಚಮ್ಮಾರರ ರಂಪಿಗೆ ಅಥವಾ ಅಲಗು ಬದಲಿಸಬಹುದಾದ ಕಟ್ಟರ್, ಜೊತೆಗೆ ಉಕ್ಕಿನ ಅಳತೆಪಟ್ಟಿ, ಬಾಚಣಿಗೆಯಂತೆ ಸಮದೂರದ ಹಲ್ಲುಗಳಿರುವ ಹೊಲಿಗೆ ಉಳಿ, ಮರದ ಸುತ್ತಿಗೆ, ಮೊಂಡು ಮೊನೆಯ 2 ಸೂಜಿಗಳು, ಮೇಣ ಸವರಿದ 0.6ರಿಂದ 0.8 ಮಿ.ಮೀ. ದಾರ, ಚರ್ಮದ ಅಂಟು, ಮರಳು ಕಾಗದ ಇವಿಷ್ಟಿದ್ದರೆ ಆರಂಭಿಸಬಹುದು. ಸೂಜಿ ಮೊಂಡಾಗಿರಲೇಬೇಕು, ಏಕೆಂದರೆ ತೊಗಲನ್ನು ತೂತು ಮಾಡುವುದು ಉಳಿಯ ಕೆಲಸವೇ ಹೊರತು ಸೂಜಿಯದಲ್ಲ, ಮತ್ತು ಚೂಪು ಸೂಜಿ ಒಳಗಿರುವ ಇನ್ನೊಂದು ದಾರವನ್ನು ಸೀಳಿಬಿಡುತ್ತದೆ.

ಬ್ಯಾಂಕ್ ಕಾರ್ಡಿನ ಅಳತೆ 85.6 × 54 ಮಿ.ಮೀ. ಆಗಿರುವುದರಿಂದ ಹಿಂಬದಿಗೆ 10 × 6.5 ಸೆಂ.ಮೀ., ಮುಂಬದಿಯ ಜೇಬಿಗೆ 10 × 5 ಸೆಂ.ಮೀ. ಅಳತೆಯ ತುಂಡುಗಳನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ, ಆ ಮಾದರಿಯನ್ನು ತೊಗಲಿನ ಮೇಲಿಟ್ಟು ಗೆರೆ ಎಳೆಯಬೇಕು. ಕತ್ತಿಯನ್ನು ಒಂದೇ ಸಲ ಒತ್ತಿ ಎಳೆಯುವುದಕ್ಕಿಂತ ಹಗುರವಾಗಿ ಎರಡು ಮೂರು ಸಲ ಎಳೆದರೆ ಅಂಚು ನೇರವಾಗಿ ಬರುತ್ತದೆ. ಪಟ್ಟಿಯನ್ನು ಹಿಡಿದ ಕೈಯ ಬೆರಳುಗಳು ಕತ್ತಿಯ ದಾರಿಯಲ್ಲಿ ಇರಬಾರದು. ಜೇಬಿನ ಮೇಲಂಚು ಹೊಲಿಗೆಯ ನಂತರ ಕೈಗೆ ಎಟುಕುವುದಿಲ್ಲವಾದ್ದರಿಂದ ಅದನ್ನು ಜೋಡಣೆಗೆ ಮುಂಚೆಯೇ ಉಜ್ಜಿ ನುಣುಪು ಮಾಡಿಕೊಂಡು, ಬಳಿಕ ಕೆಳಬದಿ ಮತ್ತು ಎರಡು ಪಕ್ಕಗಳಲ್ಲಿ ಮಾತ್ರ ತೆಳುವಾಗಿ ಅಂಟು ಹಚ್ಚಿ ಎರಡು ತುಂಡುಗಳನ್ನು ಕೂಡಿಸಬೇಕು.

ಹೊಲಿಗೆಯೇ ಈ ಕಸುಬಿನ ಜೀವಾಳ. ಅಂಚಿನಿಂದ 4 ಮಿ.ಮೀ. ಒಳಗೆ ಗೆರೆ ಎಳೆದು, ಉಳಿಯ ಮೊದಲ ಹಲ್ಲನ್ನು ಪ್ರತಿಸಲವೂ ಹಿಂದಿನ ಸಾಲಿನ ಕೊನೆಯ ತೂತಿನಲ್ಲಿಯೇ ಊರಿ ಸುತ್ತಿಗೆಯಿಂದ ಹೊಡೆದರೆ ತೂತುಗಳ ಅಂತರ ಕೆಡುವುದಿಲ್ಲ. ಹೊಲಿಯಬೇಕಾದ ಉದ್ದದ ನಾಲ್ಕು ಪಟ್ಟಿಗೆ ಸೂಜಿ ಕಟ್ಟಲು ಒಂದಿಷ್ಟು ಸೇರಿಸಿ ದಾರ ತೆಗೆದುಕೊಳ್ಳಬೇಕು. ಈ ಚೀಲಕ್ಕೆ 1 ಮೀಟರ್ ಸಾಕಾಗುತ್ತದೆ. ಕುದುರೆಯ ಜೀನು ಹೊಲಿಯುವವರಿಂದ ಬಂದ, ಸ್ಯಾಡಲ್ ಸ್ಟಿಚ್ ಎಂದು ಕರೆಯಲಾಗುವ ಈ ವಿಧಾನದಲ್ಲಿ ಒಂದೇ ದಾರದ ಎರಡು ತುದಿಗಳಿಗೂ ಸೂಜಿ ಕಟ್ಟಿ, ಮೊದಲ ತೂತಿನಲ್ಲಿ ದಾರವನ್ನು ಎರಡೂ ಕಡೆ ಸಮನಾಗಿಸಿ, ನಂತರದ ಪ್ರತಿ ತೂತಿನಲ್ಲಿಯೂ ಎಡದ ಸೂಜಿಯನ್ನು ಬಲಕ್ಕೆ, ಬಲದ ಸೂಜಿಯನ್ನು ಎಡಕ್ಕೆ ದಾಟಿಸುತ್ತಾರೆ. ಮೊದಲು ಯಾವ ಕೈಯ ಸೂಜಿ ಹೋಯಿತೋ ಕೊನೆಯವರೆಗೂ ಅದೇ ಮೊದಲು ಹೋಗಬೇಕು, ಎರಡನೆಯ ದಾರವು ಯಾವಾಗಲೂ ಮೊದಲನೆಯದರ ಒಂದೇ ಬದಿಯಲ್ಲಿ ಹಾಯಬೇಕು, ಎಳೆತದ ಬಿಗಿ ಎರಡೂ ಕೈಗಳಲ್ಲಿ ಒಂದೇ ಆಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಹೊಲಿಗೆಯ ಓರೆ ಸಾಲು ಚದುರುತ್ತದೆ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಮತ್ತು ಕೆಳಗಿನ ದಾರ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುವುದರಿಂದ ಒಂದು ಸವೆದರೆ ಸಾಲು ಬಿಚ್ಚತೊಡಗುತ್ತದೆ. ಕೈಹೊಲಿಗೆಯಲ್ಲಾದರೋ ಒಂದು ಎಳೆ ತುಂಡಾದರೂ ಇನ್ನೊಂದು ಎಳೆ ಎಲ್ಲ ತೂತುಗಳನ್ನೂ ಹಾದು ಹೋಗಿ ಹಿಡಿತ ಉಳಿಸಿಕೊಳ್ಳುತ್ತದೆ. ಕೊನೆಗೆ ಎರಡು ಮೂರು ತೂತು ಹಿಂದಕ್ಕೆ ಹೊಲಿದು, ಪಾಲಿಯೆಸ್ಟರ್ ದಾರವಾದರೆ 2 ಮಿ.ಮೀ. ಬಿಟ್ಟು ಕತ್ತರಿಸಿ ತುದಿಯನ್ನು ಕರಗಿಸಬೇಕು, ನಾರಗಸೆ ದಾರವಾದರೆ ಒಂದು ಹನಿ ಅಂಟಿನಿಂದ ಕೂರಿಸಬೇಕು.

ಮೆರುಗಿನ ಹಂತದಲ್ಲಿ ಅಂಚನ್ನು 220, 400, 600 ಸಂಖ್ಯೆಯ ಮರಳು ಕಾಗದಗಳಿಂದ ಕ್ರಮವಾಗಿ ಉಜ್ಜಿ, ಸ್ವಲ್ಪ ತೇವ ಮಾಡಿ, ಬೆಚ್ಚಗಾಗುವವರೆಗೆ ಮರದ ಕಡ್ಡಿಯಿಂದಲೋ ಒರಟು ಬಟ್ಟೆಯಿಂದಲೋ ತಿಕ್ಕಿದರೆ ನಾರುಗಳು ಒಂದಕ್ಕೊಂದು ಕೂಡಿಕೊಂಡು ಗಾಜಿನ ನುಣುಪು ಬರುತ್ತದೆ. ಅದರ ಮೇಲೆ ಜೇನುಮೇಣ ಸವರಬಹುದು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಕೂರುವವರು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಕಬ್ಬಿಣ ಮತ್ತು ಟ್ಯಾನಿನ್ ಸೇರಿದರೆ ಸುಲಭವಾಗಿ ಅಳಿಸಲಾಗದ ಕಪ್ಪು ಕಲೆ ಉಂಟಾಗುವುದರಿಂದ, ಬಕೆಟ್ಟಿನಲ್ಲಿ ತುಕ್ಕಿನ ಕಲೆ ಬಿಡುವ ಕೊಳವೆಬಾವಿ ನೀರನ್ನು ಬಿಟ್ಟು ಶುದ್ಧ ನೀರಿನ ಘಟಕದ ನೀರನ್ನೇ ಬಳಸಬೇಕು, ಒದ್ದೆ ತೊಗಲಿನ ಮೇಲೆ ಉಕ್ಕಿನ ಪಟ್ಟಿಯನ್ನು ಬಿಟ್ಟು ಏಳಬಾರದು. ಬಣ್ಣವನ್ನು ಮೊದಲು ಚೂರುತುಂಡಿನ ಮೇಲೆ ಪರೀಕ್ಷಿಸಿ, ಹೊಲಿಗೆಗೆ ಮುಂಚೆಯೇ ಹಚ್ಚುವುದು ಒಳ್ಳೆಯದು. ಹಾಗೆ ಮಾಡಿದರೆ ದಾರಕ್ಕೆ ಬಣ್ಣ ತಗಲುವುದಿಲ್ಲ. ಎಣ್ಣೆಯನ್ನು ಬಟ್ಟೆಯಿಂದ ಅತಿ ತೆಳುವಾಗಿ ಮಾತ್ರ ಹಚ್ಚಬೇಕು. ಸಿದ್ಧವಾದ ಚೀಲವನ್ನು ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ, ಹತ್ತಿಬಟ್ಟೆಯಲ್ಲಿ ಸುತ್ತಿಡುವುದು ಕ್ಷೇಮ.

ಹವ್ಯಾಸವಾಗಿ ಇದನ್ನು ಕೈಗೆತ್ತಿಕೊಳ್ಳುವವರು, ಇದೇ ಕಸುಬಿಗಾಗಿ ತಲೆಮಾರುಗಳ ಕಾಲ ಅಸ್ಪೃಶ್ಯತೆಯ ಅವಮಾನ ಉಂಡ ಸಮುದಾಯಗಳ ಜ್ಞಾನವನ್ನೇ ತಾವು ಪಡೆಯುತ್ತಿದ್ದೇವೆ ಎಂಬುದನ್ನು ಮರೆಯುವಂತಿಲ್ಲ. ಶರಣರಲ್ಲಿ ಸಮಗಾರ ಹರಳಯ್ಯ, ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ ಇದೇ ಕಾಯಕದವರು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯ ವ್ಯಾಪ್ತಿಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಸೇರಿರುವುದೂ ಅಥಣಿ ಮುಂತಾದ ಕಡೆಗಳ ಇಂಥ ಕುಟುಂಬಗಳ ಕೈಚಳಕದಿಂದಲೇ. 1976ರಲ್ಲಿ ಸ್ಥಾಪನೆಯಾದ, ಈಗ ಡಾ. ಬಾಬು ಜಗಜೀವನ್ ರಾಮ್ ಹೆಸರಿನಲ್ಲಿರುವ ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮವು ಲಿಡ್‌ಕರ್ ಮಳಿಗೆಗಳಲ್ಲಿ ಮಾರುವ ಕೈಕೆಲಸದ ವಸ್ತುಗಳ ಅಂಚು, ಹೊಲಿಗೆಗಳನ್ನು ಹತ್ತಿರದಿಂದ ನೋಡಿದರೂ ಎಷ್ಟೋ ತಿಳಿಯುತ್ತದೆ. ಹೊಲಿಗೆ ಕೈಗೆ ಹತ್ತದವರು ತಮ್ಮೂರಿನ ಪಾದರಕ್ಷೆ ದುರಸ್ತಿಗಾರರ ಬಳಿ ಕುಳಿತು ಉಳಿ ಹಿಡಿಯುವ ರೀತಿಯನ್ನು ಕೇಳಿ ಕಲಿಯಲಿ, ಮತ್ತು ಕಲಿಸಿದ ಹೊತ್ತಿಗೆ ತಕ್ಕ ಸಂಭಾವನೆಯನ್ನು ಗುರುವಿಗೆ ಸಲ್ಲಿಸುವ ಗೌರವದಿಂದಲೇ ಅವರಿಗೆ ಕೊಡಲಿ.